ಮೂರನೇ ದಿನ ಕೈಕೊಡುವುದು ಯಾಕೆ? ಸಿಗರೇಟು ಬಿಡುವವರ, ಬಿಡಿಸುವವರ ಪ್ರಶ್ನೆಗಳು

ಧೂಮಪಾನ ಬಿಡುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಸೇದುವವರ ಪತ್ರದಷ್ಟೇ ಅವರ ಮನೆಯವರ, ಗೆಳೆಯರ ಪತ್ರಗಳೂ ಇವೆ. ಆಯ್ದ ಕೆಲವಕ್ಕೆ ತಂಬಾಕು ಬಿಡಿಸುವ ಆಪ್ತಸಮಾಲೋಚಕರು ಮತ್ತು ಶ್ವಾಸಕೋಶ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ವಯಸ್ಸು 41. ಹಾರ್ಡ್‌ವೇರ್ ಅಂಗಡಿ ಇದೆ. 19 ವರ್ಷದಿಂದ ದಿನಕ್ಕೆ 14 ಸಿಗರೇಟು. ಎರಡು ವರ್ಷದಲ್ಲಿ ನಾಲ್ಕು ಸಲ ಬಿಟ್ಟೆ, ನಾಲ್ಕೂ ಸಲ ಮೂರನೇ ಅಥವಾ ನಾಲ್ಕನೇ ದಿನ ಮತ್ತೆ ಹಚ್ಚಿದೆ. ಮನೆಯಲ್ಲಿ ಎಲ್ಲರೂ 'ಮನಸ್ಸು ಮಾಡು, ಆಗುತ್ತೆ' ಅಂತ ಹುರಿದುಂಬಿಸುತ್ತಾರೆ. ಮನಸ್ಸು ಮಾಡಿಯೇ ಇದ್ದೇನಲ್ಲ! ನನಗೆ ಮನೋಬಲ ಕಡಿಮೆಯೇ?
— ಓದುಗರು, ದಾವಣಗೆರೆ

ನಾಲ್ಕು ಸಲವೂ ಒಂದೇ ಜಾಗದಲ್ಲಿ ಎಡವಿದ್ದೀರಿ ಎಂದರೆ ಅಲ್ಲೊಂದು ಕಲ್ಲಿದೆ. ಮನೋಬಲವನ್ನು ಬೈಯುವ ಮೊದಲು ಆ ಕಲ್ಲನ್ನು ನೋಡೋಣ.

ಹೊಗೆ ಎಳೆದ 10–20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಗಂಟೆಗೊಂದರಂತೆ ಕೈ ಪ್ಯಾಕಿಗೆ ಹೋಗುವುದು ಇದಕ್ಕೇ. ಪೂರ್ತಿ ನಿಲ್ಲಿಸಿದಾಗ ಸಿಡಿಮಿಡಿ, ಚಡಪಡಿಕೆ, ನಿದ್ದೆಗೇಡು, ಏನೂ ತಲೆಗೆ ಹತ್ತದಿರುವುದು, ಕೆಲವರಿಗೆ ಮಲಬದ್ಧತೆ, ಇವೆಲ್ಲ ಮೊದಲ ದಿನವೇ ಶುರುವಾಗಿ ಎರಡು–ಮೂರನೇ ದಿನಕ್ಕೆ ತುದಿ ಮುಟ್ಟುತ್ತವೆ. ಆಮೇಲೆ ಇಳಿಯುತ್ತಾ ಎರಡರಿಂದ ನಾಲ್ಕು ವಾರದಲ್ಲಿ ಬಹುಪಾಲು ಹೋಗುತ್ತವೆ. ಪ್ರತಿ ಸಲವೂ ನೀವು ಏರಿನ ತುದಿವರೆಗೆ ಹತ್ತಿ, ಇಳಿಜಾರು ಶುರುವಾಗುವಾಗ ಹಿಂತಿರುಗಿದ್ದೀರಿ.

ಔಷಧ, ಸಲಹೆ ಯಾವುದೂ ಇಲ್ಲದೆ ಮಾಡುವ ಪ್ರಯತ್ನಗಳಲ್ಲಿ ಶೇ. 4ರಷ್ಟು ಮಾತ್ರ ಗೆಲ್ಲುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀವು ನಾಲ್ಕೂ ಸಲ ಬರಿಗೈಯಲ್ಲಿ ಹೋಗಿದ್ದೀರಿ ಅನಿಸುತ್ತದೆ. ಈ ಸಲ ಹೀಗೆ ಮಾಡಿ.

ಬೆಳಿಗ್ಗೆ ಎದ್ದು ಎಷ್ಟು ನಿಮಿಷಕ್ಕೆ ಮೊದಲ ಸಿಗರೇಟು ಹಚ್ಚುತ್ತೀರಿ ಎಂದು ನೋಡಿಕೊಳ್ಳಿ. ದೇಹ ಎಷ್ಟು ಅಂಟಿಕೊಂಡಿದೆ ಎಂಬುದಕ್ಕೆ ದಿನದ ಲೆಕ್ಕಕ್ಕಿಂತ ಇದೇ ಒಳ್ಳೆಯ ಅಳತೆ. 30 ನಿಮಿಷದೊಳಗೆ ಎಂದಾದರೆ ಅವಲಂಬನೆ ಬಲವಾಗಿದೆ. ದಿನಕ್ಕೆ 10ಕ್ಕಿಂತ ಹೆಚ್ಚು ಸೇದುವವರಿಗೆ ಸಾಮಾನ್ಯವಾಗಿ ನಿಕೋಟಿನ್ ಪ್ಯಾಚ್, ಅಂದರೆ ಚರ್ಮಕ್ಕೆ ಅಂಟಿಸುವ ಪಟ್ಟಿ, 21 ಮಿ.ಗ್ರಾಂ.ದ್ದು ಆರು ವಾರ, 14 ಮಿ.ಗ್ರಾಂ. ಎರಡು ವಾರ, 7 ಮಿ.ಗ್ರಾಂ. ಎರಡು ವಾರ ಕೊಡುತ್ತಾರೆ. ಬಿಟ್ಟ ದಿನದ ಬೆಳಿಗ್ಗೆಯೇ ಮೊದಲ ಪ್ಯಾಚ್. ಕೂದಲಿಲ್ಲದ ಒಣ ಜಾಗದಲ್ಲಿ, ಅಂದರೆ ತೋಳಿನ ಹೊರಭಾಗ ಅಥವಾ ಬೆನ್ನಿನ ಮೇಲ್ಭಾಗದಲ್ಲಿ, ಅಂಗೈಯಿಂದ 10 ಸೆಕೆಂಡು ಒತ್ತಿ ಹಿಡಿಯಬೇಕು. ಎಣ್ಣೆ, ಪೌಡರ್ ಇದ್ದರೆ ಹಿಡಿಯುವುದಿಲ್ಲ. ದಾವಣಗೆರೆಯ ಬೇಸಿಗೆಯಲ್ಲಿ ಬೆವರಿಗೆ ಅಂಚು ಏಳುತ್ತದೆ. ಸ್ನಾನ ಮಾಡಿ, ಮೈ ಪೂರ್ತಿ ಆರಿದ ಮೇಲೆ ಹಚ್ಚಿ. ದಿನವೂ ಜಾಗ ಬದಲಿಸಿ, ಇಲ್ಲದಿದ್ದರೆ ಚರ್ಮ ಕೆರೆಯುತ್ತದೆ. ವಿಚಿತ್ರ ಕನಸು ಬಿದ್ದು ನಿದ್ದೆ ಕೆಟ್ಟರೆ ಮಲಗುವಾಗ ಕಿತ್ತುಬಿಡಿ. ಪ್ಯಾಚ್ ಹಿನ್ನೆಲೆಯ ಹಸಿವಿಗೆ, ಅಗಿಯುವ ನಿಕೋಟಿನ್ ಗಮ್ ಆ ಕ್ಷಣದ ತಲಬಿಗೆ. ಎರಡನ್ನೂ ಸೇರಿಸಿ ಬಳಸಿದರೆ ಒಂದೊಂದನ್ನೇ ಬಳಸುವುದಕ್ಕಿಂತ ಫಲ ಹೆಚ್ಚು. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಬೇಡ.

ಇನ್ನು ಕಾಫಿ. ಇದನ್ನು ಹೇಳುವವರು ಕಡಿಮೆ. ಹೊಗೆಯಲ್ಲಿರುವ ರಾಸಾಯನಿಕಗಳು ಯಕೃತ್ತನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುತ್ತಿರುತ್ತವೆ. ಹೊಗೆ ನಿಂತ ಕೆಲವೇ ದಿನದಲ್ಲಿ ಆ ಚುರುಕು ಹೋಗಿ, ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಎದೆ ಢವಢವ, ಕೈನಡುಕ, ರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟು ಮಲಗುವುದು, ಇದೆಲ್ಲ ಸಿಗರೇಟು ಬಿಟ್ಟಿದ್ದಕ್ಕೆ ಎಂದು ನಂಬಿ ಎಷ್ಟೋ ಜನ ಮತ್ತೆ ಹಚ್ಚುತ್ತಾರೆ. ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಿದ್ದರೆ ಎರಡಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ಬೇಡ. ಟೀಗೂ ಇದೇ ಮಾತು.

ಕೊನೆಯದಾಗಿ ಮನೆಯವರ ಹುರಿದುಂಬಿಸುವಿಕೆ. 'ಆಗುತ್ತೆ' ಎನ್ನುವುದು ಹಾರೈಕೆ. ನಿಮಗೆ ಬೇಕಿರುವುದು ಕೆಲಸ. ಮೂರನೇ ದಿನ ಭಾನುವಾರವೋ, ಅಂಗಡಿಗೆ ಗಿರಾಕಿ ಕಡಿಮೆ ಇರುವ ದಿನವೋ ಆಗುವಂತೆ ತಾರೀಖು ಇಟ್ಟುಕೊಳ್ಳಿ. ಆ ದಿನ ಗಲ್ಲಾಪೆಟ್ಟಿಗೆ ತಮ್ಮ ನೋಡಿಕೊಳ್ಳಲಿ. ಸಾಲದ ಮಾತುಕತೆ ಮುಂದೂಡಿ. ಒಬ್ಬ ಗೆಳೆಯನಿಗೆ ಒಂದೇ ಕೆಲಸ ಒಪ್ಪಿಸಿ: ನೀವು ಫೋನ್ ಮಾಡಿದರೆ ಎತ್ತಬೇಕು, ಐದು ನಿಮಿಷ ಮಾತಾಡಬೇಕು, ಸಿಗರೇಟಿನ ವಿಷಯ ಬಿಟ್ಟು. ಒಂದೊಂದು ತಲಬು ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ ಇರುತ್ತದೆ. ಫೋನ್ ಇಡುವ ಹೊತ್ತಿಗೆ ಅದು ದಾಟಿರುತ್ತದೆ.

ನಮ್ಮ ಮನೆಯವರು ಬಿಟ್ಟೆ ಅನ್ನುತ್ತಾರೆ, ಶರ್ಟಿನಲ್ಲಿ ವಾಸನೆ ಇರುತ್ತದೆ. ಮಗಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿಸಿದೆ. ಹತ್ತು ದಿನಕ್ಕೆ ಬೈಕಿನ ಸೀಟಿನ ಕೆಳಗೆ ಪ್ಯಾಕು ಸಿಕ್ಕಿತು. ಕಾಫಿಯಲ್ಲಿ ಗೊತ್ತಾಗದ ಹಾಗೆ ಬೆರೆಸಿ ಕೊಡುವ ಪುಡಿ ಇದೆ ಅಂತ ಜಾಹೀರಾತು ನೋಡಿದೆ. ತರಿಸಲೇ?
— ಹೆಸರು ಬೇಡ, ಹಾಸನ

ಪುಡಿ ತರಿಸಬೇಡಿ. ಅದರಲ್ಲಿ ಏನಿದೆ ಎಂದು ಕೊಡುವ ನಿಮಗೂ ಗೊತ್ತಿರುವುದಿಲ್ಲ, ಕುಡಿಯುವ ಅವರಿಗೂ ಇಲ್ಲ. ಬಿಪಿ, ಸಕ್ಕರೆ ಮಾತ್ರೆ ನುಂಗುವವರಾದರೆ ಅಪಾಯವೇ ಆಗಬಹುದು. ಬಿಡುವವರಿಗೆ ಗೊತ್ತಿಲ್ಲದೆ ಬಿಡಿಸುವ ಔಷಧ ಯಾವುದೂ ಇಲ್ಲ.

ಆಣೆಯ ತೊಂದರೆ ಏನೆಂದರೆ ಅದು ಮುರಿದ ದಿನ ಸಿಗರೇಟಿಗಿಂತ ದೊಡ್ಡ ವಿಷಯ ಆಗಿಬಿಡುತ್ತದೆ. ಮಗಳ ಮೇಲಿನ ಆಣೆ ಮುರಿದೆ ಎಂದು ಯಾವ ಅಪ್ಪನೂ ಬಾಯಿ ಬಿಟ್ಟು ಹೇಳಲಾರ. ಅಲ್ಲಿಗೆ ಅವರು ನಿಮ್ಮ ಹತ್ತಿರ ಸಹಾಯ ಕೇಳುವ ದಾರಿಯೂ ಮುಚ್ಚಿತು. ಜೇಬು ತಡಕುವುದು, ಶರ್ಟು ಮೂಸುವುದು, 'ಬಾಯಿ ತೆಗೀರಿ ನೋಡೋಣ' ಎನ್ನುವುದು ಇವೂ ಹಾಗೆಯೇ. ಕಾಟ ಕೊಟ್ಟಷ್ಟೂ ಸೇದುವುದು ಕಡಿಮೆಯಾಗುವುದಿಲ್ಲ, ಅಡಗಿಸುವ ಜಾಣತನ ಹೆಚ್ಚುತ್ತದೆ. ಮಗಳನ್ನು ಪತ್ತೇದಾರಳನ್ನಾಗಿ ಮಾಡಿದ್ದರೆ ಇವತ್ತೇ ನಿಲ್ಲಿಸಿ. ಅದು ಮಗುವಿನ ಹೆಗಲಿಗೆ ಹೊರೆ.

ಬದಲಿಗೆ ಅವರು ನಿರಾಳವಾಗಿರುವ ಒಂದು ಹೊತ್ತಲ್ಲಿ ಎರಡೇ ಪ್ರಶ್ನೆ ಕೇಳಿ. 'ಬಿಡುವಾಗ ನಾನು ಏನು ಮಾಡಿದರೆ ನಿಮಗೆ ಸಲೀಸು? ಏನು ಮಾಡಲೇಬಾರದು?' ಉತ್ತರಕ್ಕೆ ಎದುರು ವಾದಿಸಬೇಡಿ. ಸಾಮಾನ್ಯವಾಗಿ ಬರುವ ಉತ್ತರ 'ಪದೇ ಪದೇ ಕೇಳಬೇಡ' ಎಂಬುದು. ಹಾಗಾದರೆ ಕೇಳುವುದಕ್ಕೆ ಒಂದು ಹೊತ್ತು ಗೊತ್ತುಮಾಡಿ: ರಾತ್ರಿ ಊಟ ಆದ ಮೇಲೆ ಒಂದು ಸಲ, ಅಷ್ಟೇ. ಆಗ ಅವರು ಸುಳ್ಳು ಹೇಳಬೇಕಿಲ್ಲ, ನೀವು ಬೈಯಬೇಕಿಲ್ಲ.

ಸೇದಿದ್ದೇನೆ ಎಂದು ಒಪ್ಪಿಕೊಂಡ ದಿನ 'ಯಾಕೆ ಸೇದಿದ್ರಿ?' ಎನ್ನಬೇಡಿ. ಆ ಪ್ರಶ್ನೆಗೆ ನೆಪಗಳು ಮಾತ್ರ ಬರುತ್ತವೆ. 'ಎಷ್ಟು ಹೊತ್ತಿಗೆ? ಎಲ್ಲಿ? ಜೊತೆಗೆ ಯಾರಿದ್ದರು?' ಎಂದು ಕೇಳಿ. ಸಂಜೆ ಆರಕ್ಕೆ, ಆಫೀಸಿನ ಎದುರಿನ ಗೂಡಂಗಡಿಯಲ್ಲಿ, ಹಸಿದಿದ್ದಾಗ ಎಂದು ಗೊತ್ತಾದರೆ ಮಾಡಲು ಕೆಲಸವಿದೆ. ಐದೂವರೆಗೆ ತಿನ್ನಲು ಡಬ್ಬಿಯಲ್ಲಿ ಹುರಿಗಡಲೆಯೋ, ಬಾಳೆಹಣ್ಣೋ, ಸೌತೆಕಾಯಿಯೋ ಇಟ್ಟುಕೊಡಬಹುದು. ಹಸಿವನ್ನೂ ತಲಬನ್ನೂ ಮೈ ಒಂದೇ ಎಂದು ತಿಳಿದುಕೊಳ್ಳುವುದು ಬಹಳ. ಊಟವಾದ ತಕ್ಷಣದ ಹತ್ತು ನಿಮಿಷ ಬಹುತೇಕರಿಗೆ ಕಷ್ಟದ್ದು. ತಟ್ಟೆ ಎತ್ತಿದ ಕೂಡಲೇ ಹಲ್ಲುಜ್ಜಿ, ಇಬ್ಬರೂ ಬೀದಿ ಕೊನೆಯವರೆಗೆ ನಡೆದು ಬನ್ನಿ.

ಮೊದಲ ಎರಡು ವಾರ ಅವರು ರೇಗುತ್ತಾರೆ. ಉಪ್ಪು ಜಾಸ್ತಿ ಎಂದು, ಟಿವಿ ಸದ್ದು ಎಂದು. ಅದು ನಿಮ್ಮ ಮೇಲಿನ ಸಿಟ್ಟಲ್ಲ. ನಾದಿನಿಯ ಮದುವೆ ಖರ್ಚಿನಂಥ ಚರ್ಚೆಗಳು ಆ ಎರಡು ವಾರ ದಾಟಲಿ.

ಒಂದು ವಿಷಯದಲ್ಲಿ ಮಾತ್ರ ನೀವು ಗಟ್ಟಿ ನಿಲ್ಲಿ. ಮನೆಯೊಳಗೆ, ಸ್ನಾನದ ಮನೆಯಲ್ಲಿ, ಕಾರಿನಲ್ಲಿ ಸೇದುವಂತಿಲ್ಲ. ಅವರು ಬಿಡಲಿ, ಬಿಡದಿರಲಿ, ಇದು ಮಗಳ ಶ್ವಾಸಕೋಶದ ಪ್ರಶ್ನೆ. ಕಿಟಕಿ ತೆರೆದರೆ ಸಾಲದು.

ನಿಕೋಟಿನ್ ಗಮ್ ತಗೊಂಡೆ. ಗಂಟಲು ಉರಿ, ಬಿಕ್ಕಳಿಕೆ, ಹೊಟ್ಟೆ ತೊಳಸು. ತಲಬು ಮಾತ್ರ ಹೋಗಲಿಲ್ಲ. ಇದೆಲ್ಲ ಮೋಸವೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಬಬಲ್ ಗಮ್‌ನಂತೆ ಅಗಿದಿದ್ದೀರಿ. ಬಹಳಷ್ಟು ದೂರುಗಳ ಮೂಲ ಇದೇ. ನಿಕೋಟಿನ್ ಒಳಗೆ ಹೋಗಬೇಕಿರುವುದು ಕೆನ್ನೆಯ ಒಳಪದರದಿಂದ. ಜೋರಾಗಿ ಅಗಿದರೆ ಅದು ಎಂಜಲಿನಲ್ಲಿ ಸೇರಿ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿ ಉರಿ, ಬಿಕ್ಕಳಿಕೆ ಕೊಡುತ್ತದೆ, ಮಿದುಳಿಗೆ ತಲುಪುವುದು ಕಡಿಮೆ.

ಸರಿಯಾದ ಕ್ರಮ ಹೀಗೆ. ಒಂದು ಗಮ್ ಬಾಯಿಗೆ ಹಾಕಿ ನಿಧಾನವಾಗಿ ಅಗಿಯಿರಿ. ಹತ್ತು–ಹದಿನೈದು ಸಲ ಆದಾಗ ಕಾಳುಮೆಣಸು ಕಚ್ಚಿದಂಥ ಚುರುಚುರು ಬರುತ್ತದೆ. ತಕ್ಷಣ ಅಗಿಯುವುದು ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ, ಕವಳ ಒತ್ತರಿಸಿಟ್ಟ ಹಾಗೆ ಇಟ್ಟುಬಿಡಿ. ಒಂದೆರಡು ನಿಮಿಷಕ್ಕೆ ಚುರುಚುರು ಹೋಗುತ್ತದೆ. ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ಗಮ್‌ಗೆ 15 ನಿಮಿಷ ಮೊದಲಿನಿಂದ ಬಾಯಲ್ಲಿರುವವರೆಗೂ ಕಾಫಿ, ನಿಂಬೆ ಪಾನಕ, ಹಣ್ಣಿನ ರಸ, ಕೋಲಾ ಬೇಡ. ಹುಳಿ ಇದ್ದ ಬಾಯಲ್ಲಿ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಕಾಫಿ ಮೆಷಿನ್ ಮುಂದೆ ನಿಂತು ಗಮ್ ಅಗಿಯುವವರಿಗೆ ಫಲ ಕಾಣದಿರುವುದು ಇದಕ್ಕೇ.

ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿ.ಗ್ರಾಂ., ಉಳಿದವರಿಗೆ 2 ಮಿ.ಗ್ರಾಂ. 2ರದ್ದು ಔಷಧದಂಗಡಿಯಲ್ಲಿ ಸಿಗುತ್ತದೆ, 4ಕ್ಕೆ ವೈದ್ಯರ ಚೀಟಿ ಬೇಕು. ಮೊದಲ ಆರು ವಾರ ಒಂದೆರಡು ಗಂಟೆಗೊಂದು. ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು. ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ 24 ಮೀರಬಾರದು. ಜನ ಮಾಡುವ ದೊಡ್ಡ ತಪ್ಪು ಹೆಚ್ಚು ತಿನ್ನುವುದಲ್ಲ, ದಿನಕ್ಕೆ ಎರಡೋ ಮೂರೋ ತಿಂದು 'ಕೆಲಸ ಮಾಡಲಿಲ್ಲ' ಎನ್ನುವುದು. ತಲಬು ಬರಲಿ ಎಂದು ಕಾಯಬೇಡಿ, ಗಡಿಯಾರ ನೋಡಿ ತಿನ್ನಿ. ದವಡೆ ಕೀಲಿನ ನೋವಿದ್ದರೆ, ಕಟ್ಟಿಸಿದ ಹಲ್ಲಿದ್ದರೆ ಚೀಪುವ ನಿಕೋಟಿನ್ ಮಾತ್ರೆ ಬಳಸಿ.

ಗಮ್‌ಗಿಂತ ವೇಪ್ ಒಳ್ಳೆಯದಲ್ಲವೇ?
— ಮಣಿಪಾಲ

2019ರ ಕಾಯ್ದೆಯ ಪ್ರಕಾರ ಭಾರತದಲ್ಲಿ ವೇಪ್, ಅಂದರೆ ಇ-ಸಿಗರೇಟು, ಮಾರುವುದು, ತರಿಸುವುದು, ದಾಸ್ತಾನು ಇಡುವುದು ಎಲ್ಲ ನಿಷಿದ್ಧ. ಕಳ್ಳದಾರಿಯಲ್ಲಿ ಬಂದದ್ದರಲ್ಲಿ ಎಷ್ಟು ನಿಕೋಟಿನ್ ಇದೆ ಎಂದು ಅಳೆಯುವವರಿಲ್ಲ. ಗಮ್ ಮೇಲೆ ಪ್ರಮಾಣ ಬರೆದಿರುತ್ತದೆ.

ನಮ್ಮ ಮಾವ ಸೇದುವುದು ಬೀಡಿ. ಎಲೆಯಲ್ಲಿ ಸುತ್ತಿದ್ದು, ಕಾಗದ ಇಲ್ಲ, ಹೊಗೆಸೊಪ್ಪೂ ಚಿಟಿಕೆಯಷ್ಟೇ, ಹಾಗಾಗಿ ಬಿಡಬೇಕಿಲ್ಲ ಅನ್ನುತ್ತಾರೆ. ಬಿಟ್ಟರೆ ಬಾಯಿಗೆ ಅಡಿಕೆ ಸಾಕಂತೆ.
— ಬಂಟ್ವಾಳ

ಹೊಗೆಸೊಪ್ಪು ಕಡಿಮೆ ಎಂಬುದು ನಿಜ, ಸಿಗರೇಟಿನ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಇರಬಹುದು. ಆದರೆ ಬೀಡಿ ಸುತ್ತುವ ತುಪ್ರಿ ಎಲೆ ಒತ್ತಾಗಿ, ಗಾಳಿ ಆಡದಂತೆ ಇರುತ್ತದೆ. ಎಳೆಯದಿದ್ದರೆ ಬೀಡಿ ಆರಿಹೋಗುತ್ತದೆ. ಹಾಗಾಗಿ ಪದೇ ಪದೇ, ಆಳವಾಗಿ ಎಳೆಯಬೇಕು. ಒಳಗೆ ಹೋಗುವ ಟಾರು, ಇಂಗಾಲದ ಮಾನಾಕ್ಸೈಡು ಸಿಗರೇಟಿಗಿಂತ ಕಡಿಮೆಯಲ್ಲ. ಕಟ್ಟಿದವರ ಕೈ ನಿಮ್ಮೂರಿನ ಕಡೆಯದ್ದೇ ಇರಬಹುದು. ಸುಡುವಾಗ ಅದರ ಲೆಕ್ಕ ಬರುವುದಿಲ್ಲ.

ಅಡಿಕೆ ಬೇಡ ಎಂದರೆ ಕರಾವಳಿಯಲ್ಲಿ, ಮಲೆನಾಡಿನಲ್ಲಿ ಕೋಪ ಬರುತ್ತದೆಂದು ಗೊತ್ತು. ಹೊಗೆಸೊಪ್ಪು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಅದೂ ಅಲ್ಲದೆ ಕವಳದ ಪಕ್ಕ ಹೊಗೆಸೊಪ್ಪು ಬಂದು ಕೂರಲು ಹೆಚ್ಚು ದಿನ ಬೇಡ. ಬಾಯಾಡಿಸಲು ಲವಂಗ, ಸೋಂಪು, ನೆಲ್ಲಿಚಟ್ಟು ಸಾಕು.

ನಮ್ಮ ಕಾರ್ಖಾನೆಯ ಐದು ಜನ ಒಟ್ಟಿಗೆ ಬಿಡಬೇಕೆಂದು ವಾಟ್ಸಾಪ್ ಗುಂಪು ಮಾಡಿದ್ದೇವೆ. ಒಬ್ಬ ಸೇದಿದರೆ ಎಲ್ಲರೂ ಸೇದುವ ಹಾಗೆ ಆಗಿದೆ. ಗುಂಪು ಒಡೆಯಬೇಕೇ?
— ಹುಬ್ಬಳ್ಳಿ

ಒಡೆಯಬೇಡಿ, ಕ್ರಮ ಬದಲಿಸಿ. ಬೆಳಗಿನ ಶುಭಾಶಯ, ಕೊಳೆತ ಶ್ವಾಸಕೋಶದ ಚಿತ್ರ, ಉಪದೇಶದ ವಿಡಿಯೊ ಮೊದಲು ನಿಲ್ಲಲಿ. ಆ ಚಿತ್ರ ನೋಡಿ ಗಾಬರಿಯಾದವನ ಕೈ ಹೋಗುವುದು ಜೇಬಿಗೇ. ದಿನಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೆ, ಪ್ರತಿಯೊಬ್ಬರೂ ಒಂದೇ ಸಾಲು: ಇವತ್ತು ಎಷ್ಟು, ಕಷ್ಟ ಅನಿಸಿದ್ದು ಎಷ್ಟು ಹೊತ್ತಿಗೆ. ಸೊನ್ನೆ ಎಂದು ಬರೆದವನಿಗೆ ಚಪ್ಪಾಳೆ, ಎರಡು ಎಂದು ಬರೆದವನಿಗೆ ಟೀಕೆ, ಎರಡೂ ಬೇಡ. ಟೀಕೆ ಬಂದ ಮರುದಿನದಿಂದ ಎಲ್ಲರೂ ಸೊನ್ನೆ ಎಂದೇ ಬರೆಯುತ್ತಾರೆ.

ಐವರೂ ಒಂದೇ ದಿನ ಬಿಡಬೇಕೆಂದಿಲ್ಲ. ಎಲ್ಲರ ಮೂರನೇ ದಿನ ಒಟ್ಟಿಗೆ ಬಂದರೆ ಸಮಾಧಾನ ಹೇಳುವವರು ಯಾರು? ವಾರದ ಅಂತರದಲ್ಲಿ ಇಬ್ಬಿಬ್ಬರು ಶುರುಮಾಡಿ. ಜೋಡಿ ಮಾಡುವಾಗ ಒಟ್ಟಿಗೆ ಸೇದುತ್ತಿದ್ದ ಇಬ್ಬರನ್ನು ಬೇರೆ ಮಾಡಿ.

ಚಾದಂಗಡಿಯನ್ನು ಬಿಡಲಾಗದು, ಅದು ಬಿಡುವಿನ ಹದಿನೈದು ನಿಮಿಷ. ನಿಲ್ಲುವ ಜಾಗ ಬದಲಿಸಿ. ಬೀಡಾ ಡಬ್ಬದ ಕಡೆ ಬೆನ್ನು, ಒಂದು ಕೈಯಲ್ಲಿ ಚಾ, ಇನ್ನೊಂದರಲ್ಲಿ ಮಿರ್ಚಿಯೋ ಶೇಂಗಾವೋ. ಎರಡು ಕೈಗೂ ಕೆಲಸ ಇರಲಿ. ಚಿಲ್ಲರೆ ಸಿಗರೇಟಿನ ಹಳೆ ಉದ್ರಿ ಇದ್ದರೆ ತೀರಿಸಿ, ಖಾತೆ ಮುಚ್ಚಿಸಿ. 'ಬರ್ಕೊ' ಅನ್ನುವ ಅನುಕೂಲ ಇರುವವರೆಗೆ ಬಿಡುವುದು ಕಷ್ಟ. ದಿನಕ್ಕೆ 12 ಸೇದುವವನು ವರ್ಷಕ್ಕೆ 4,380 ಸೇದಿರುತ್ತಾನೆ. ಆ ದುಡ್ಡನ್ನು ವಾರಕ್ಕೊಮ್ಮೆ ಒಬ್ಬರ ಕೈಯಲ್ಲಿ ಭಿಸಿ (ಚೀಟಿ) ಕಟ್ಟಿದ ಹಾಗೆ ಕಟ್ಟಿ.

ಗುಂಪಿನ ಹೊರಗೂ ಒಂದು ದನಿ ಇರಲಿ. ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-11-2356 ಉಚಿತ. ನಿಮ್ಹಾನ್ಸ್‌ನ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಅದೇ ಸಂಖ್ಯೆ ಪ್ಯಾಕಿನ ಮೇಲೂ ಅಚ್ಚಾಗಿದೆ, ಸೇದುವವರು ದಿನಾ ಕೈಯಲ್ಲಿ ಹಿಡಿದರೂ ಓದಿರುವುದಿಲ್ಲ. ಬಿಡುವ ತಾರೀಖು ಗೊತ್ತುಮಾಡಿಸಿ, ಆಮೇಲೆ ಅವರೇ ತಿರುಗಿ ಫೋನ್ ಮಾಡಿ ವಿಚಾರಿಸುತ್ತಾರೆ. ಗಮ್, ಪ್ಯಾಚ್‌ನಿಂದ ಆಗದವರಿಗೆ ಬ್ಯೂಪ್ರೊಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳಿವೆ. ಬಿಡುವ ದಿನಕ್ಕೆ ಒಂದೆರಡು ವಾರ ಮೊದಲೇ ಶುರುಮಾಡಬೇಕು, ವೈದ್ಯರೇ ಬರೆಯಬೇಕು. ಫಿಟ್ಸ್ ಇರುವವರಿಗೆ ಬ್ಯೂಪ್ರೊಪಿಯಾನ್ ಕೂಡದು.

40 ದಿನ ಬಿಟ್ಟಿದ್ದೆ. ಗೆಳೆಯನ ಮದುವೆಯ ಹಿಂದಿನ ರಾತ್ರಿ ಗುಂಡಿನ ಜೊತೆ ಎರಡು ಸೇದಿದೆ. ಎಲ್ಲ ಹೋಯಿತಲ್ಲ?
— ತುಮಕೂರು

ಎರಡು ಹೋಯಿತು, 40 ಹೋಗಲಿಲ್ಲ. ಕೆಟ್ಟದ್ದು ಶುರುವಾಗುವುದು ಮರುದಿನ, 'ಹೇಗೂ ಕೆಟ್ಟಿತಲ್ಲ' ಎಂದು ಪ್ಯಾಕು ಕೊಳ್ಳುವಾಗ. ಕೊಂಡಿದ್ದರೆ ಉಳಿದದ್ದನ್ನು ನೀರಲ್ಲಿ ಅದ್ದಿ ಎಸೆಯಿರಿ. ಯಾರಿಗೋ ಕೊಟ್ಟರೆ ಮತ್ತೆ ಅವರ ಹತ್ತಿರವೇ ಕೇಳುತ್ತೀರಿ. ಪ್ಯಾಚ್ ನಿಲ್ಲಿಸಿದ್ದರೆ ವೈದ್ಯರನ್ನು ಕೇಳಿ ಕೆಲವು ವಾರ ಮುಂದುವರಿಸಿ. ಮೊದಲ ಮೂರು ತಿಂಗಳು ಗುಂಡಿನ ಗೋಷ್ಠಿ ತಪ್ಪಿಸುವುದೇ ಲೇಸು. ಎರಡು ಪೆಗ್ ಆದ ಮೇಲೆ ಯಾರ ಸಂಕಲ್ಪವೂ ಎಚ್ಚರ ಇರುವುದಿಲ್ಲ. ತಪ್ಪಿಸಲಾಗದಿದ್ದರೆ, ಹೋಗುವ ಮೊದಲೇ ಒಬ್ಬ ಗೆಳೆಯನಿಗೆ ಹೇಳಿ: 'ನಾನು ಕೇಳಿದರೂ ಕೊಡಬೇಡ, ಹೊರಗೆ ಹೋದರೆ ಜೊತೆಗೆ ಬಾ.' ಎಲ್ಲರಿಗೂ ಹೇಳಬೇಡಿ. ಹತ್ತು ಜನರಿಗೆ ಗೊತ್ತಾದರೆ ಅದರಲ್ಲಿ ಒಬ್ಬ ಪಣ ಕಟ್ಟಿ ಬಾಯಿಗಿಡುತ್ತಾನೆ.

ತಂದೆಗೆ 63. ಸಿಗರೇಟು ಬಿಟ್ಟು ಮೂರು ವಾರ ಆಯಿತು. ಕೆಮ್ಮು ಕಫ ಮೊದಲಿಗಿಂತ ಹೆಚ್ಚಾಗಿದೆ. 'ಸೇದುವಾಗಲೇ ಚೆನ್ನಾಗಿದ್ದೆ, ಈ ವಯಸ್ಸಲ್ಲಿ ಬಿಟ್ಟು ಏನು ಸಿಗುತ್ತೆ' ಅನ್ನುತ್ತಾರೆ. ಉಬ್ಬಸಕ್ಕೆ ಡೆರಿಫಿಲಿನ್ ಮಾತ್ರೆ ನಡೆಯುತ್ತಿದೆ.
— ಮೈಸೂರು

ಶ್ವಾಸನಾಳದ ಒಳಗೆ ಕಸ ಗುಡಿಸುವ ಸಣ್ಣ ರೋಮಗಳಿವೆ. ಹೊಗೆಗೆ ಅವು ಸೋತು ಮಲಗಿರುತ್ತವೆ. ಬಿಟ್ಟ ಕೆಲವು ವಾರದಲ್ಲಿ ಮತ್ತೆ ಕೆಲಸ ಶುರುಮಾಡಿ, ಒಳಗೆ ಕೂತ ಕಫವನ್ನು ಮೇಲಕ್ಕೆ ತಳ್ಳುತ್ತವೆ. ಹೆಚ್ಚಿದ ಕೆಮ್ಮು ಬಹಳ ಸಲ ಇದೇ. ಬಿಸಿನೀರು, ಹಬೆ ಸಾಕು. ಕೆಮ್ಮು ಅಡಗಿಸುವ ಸಿರಪ್ ಕೊಡಬೇಡಿ. ಆದರೆ ಎರಡು ವಾರ ಮೀರಿದ ಕೆಮ್ಮಿಗೆ ನಮ್ಮ ದೇಶದಲ್ಲಿ ಕ್ಷಯದ ಕಫ ಪರೀಕ್ಷೆ ಮಾಡಿಸಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಫದಲ್ಲಿ ರಕ್ತ, ತೂಕ ಇಳಿತ, ದನಿ ಒಡೆದದ್ದು ಇದ್ದರೆ ನಾಳೆಗೆ ಇಡಬೇಡಿ.

ಬಿಟ್ಟರೆ ಏನು ಸಿಗುತ್ತದೆ ಎಂದರೆ, ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧದಷ್ಟಕ್ಕೆ ಇಳಿಯುತ್ತದೆ, 60 ದಾಟಿದವರಿಗೂ. ಸವೆದ ಶ್ವಾಸಕೋಶ ವಾಪಸು ಬರುವುದಿಲ್ಲ, ಸವೆಯುವ ವೇಗ ತಗ್ಗುತ್ತದೆ.

ಇನ್ನು ಮಾತ್ರೆ. ಡೆರಿಫಿಲಿನ್‌ನಲ್ಲಿರುವ ಥಿಯೊಫಿಲಿನ್ ಕೂಡ ಮೇಲೆ ಹೇಳಿದ ಕಾಫಿಯ ಹಾಗೆಯೇ. ಸೇದುವಾಗ ಬೇಗ ಕರಗುತ್ತಿತ್ತು, ಈಗ ಅದೇ ಮಾತ್ರೆ ರಕ್ತದಲ್ಲಿ ಹೆಚ್ಚು ನಿಲ್ಲುತ್ತದೆ. ವಾಕರಿಕೆ, ಎದೆಬಡಿತ, ಕೈನಡುಕ ಇದೆಯೇ ಕೇಳಿ. ಇದ್ದರೆ ಇವತ್ತೇ, ಇಲ್ಲದಿದ್ದರೆ ಈ ವಾರವೇ ವೈದ್ಯರಿಗೆ 'ಸಿಗರೇಟು ಬಿಟ್ಟು ಮೂರು ವಾರ ಆಯಿತು' ಎಂದು ತಿಳಿಸಿ; ಪ್ರಮಾಣ ಇಳಿಸಬೇಕಾಗಬಹುದು. ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಬಿಟ್ಟ ಮೇಲೆ ಅದರ ಲೆಕ್ಕವೂ ಬದಲಾಗುವುದುಂಟು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.